ಪೆನ್ನಿನಿಂದ ಇನ್ಸುಲಿನ್ ತೊಟ್ಟಿಕ್ಕುತ್ತಿದೆ, ಪೆನ್ನೇ ಕೆಟ್ಟಿದೆಯಾ?

ಪ್ರಶ್ನೆ (ರಾಯಚೂರಿನ ಸದಸ್ಯೆ): ಸಿಸ್ಟರ್, ನಮಸ್ಕಾರ. ಅಮ್ಮನಿಗೆ 67 ವರ್ಷ. ಒಂಬತ್ತು ವರ್ಷದಿಂದ ಸಿರಿಂಜಿನಲ್ಲಿ ಇನ್ಸುಲಿನ್ ತಗೊಳ್ತಿದ್ದರು. ಕಣ್ಣು ಮಂಜು, ಕೈ ನಡುಗುತ್ತೆ ಅಂತ ಡಾಕ್ಟರ್ ಪೆನ್ ಬರೆದುಕೊಟ್ಟರು. 30/70 ಮಿಕ್ಸ್, ಬೆಳಿಗ್ಗೆ 18 ಯೂನಿಟ್, ರಾತ್ರಿ 14. ಆದರೆ ಸೂಜಿ ಹೊರಗೆ ತೆಗೆದ ಮೇಲೂ ತುದಿಯಿಂದ ನಾಲ್ಕೈದು ಹನಿ ಬೀಳುತ್ತೆ. ಶುಗರ್ ಏರಿದೆ ಅಂತ ಬೆಳಗಿನದ್ದನ್ನು 22 ಮಾಡಿದ್ದಾರೆ. ಪೆನ್ ಕೆಟ್ಟಿದೆಯಾ? ಪಕ್ಕದ ಮನೆಯವರು, ‘ಆ ಗಾಜಿನ ಕೊಳವೆಯಿಂದ ಹಳೇ ಸಿರಿಂಜಲ್ಲೇ ಎಳೆದು ಕೊಡಿ’ ಅಂತಾರೆ.

ಉತ್ತರ (ಡಯಾಬಿಟಿಸ್ ಎಜುಕೇಟರ್): ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಖಂಡಿತ ಬೇಡ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿನೊಳಗಿನ ಆ ಗಾಜಿನ ಕೊಳವೆ, ಅಂದರೆ ಕಾರ್ಟ್ರಿಜ್‌ನಲ್ಲಿ 100. ಕೆಂಪು ಕ್ಯಾಪಿನ ಹಳೇ ಸಿರಿಂಜಲ್ಲಿ 22ರ ಗೆರೆಗೆ ಎಳೆದರೆ ಮೈಗೆ ಹೋಗುವುದು 55 ಯೂನಿಟ್. ಶುಗರ್ ಇಳಿದು ಎಚ್ಚರ ತಪ್ಪಲು ಅಷ್ಟು ಸಾಕು. ಮನೆಯಲ್ಲಿ ಉಳಿದ ಆ ಸಿರಿಂಜುಗಳನ್ನು ಇವತ್ತೇ ತೆಗೆದುಬಿಡಿ.

ಇನ್ನು ಹನಿ ಬೀಳುವುದು. ಇದು ಪೆನ್ನಿನ ತಪ್ಪಲ್ಲ, ಅವಸರದ ತಪ್ಪು. ಸಿರಿಂಜಲ್ಲಿ ತಳ್ಳಿದೆ, ತೆಗೆದೆ, ಮುಗೀತು. ಪೆನ್ನಿನ ಸೂಜಿ ಕೂದಲಿನಷ್ಟು ಸಣ್ಣ, ಔಷಧಿ ಇಳಿಯಲು ಹೊತ್ತು ಬೇಕು. ಬಟನ್ ಪೂರ್ತಿ ಒತ್ತಿ, ಹೆಬ್ಬೆರಳು ತೆಗೆಯದೆ, ನಿಧಾನಕ್ಕೆ ಹತ್ತು ಎಣಿಸಿ ಆಮೇಲೆ ಸೂಜಿ ಹೊರತೆಗೆಯಬೇಕು. ನಮ್ಮಲ್ಲಿಗೆ ಬರುವ ಅಜ್ಜಿಯೊಬ್ಬರು ಎಣಿಸುವುದಿಲ್ಲ, ಚೈತ್ರ, ವೈಶಾಖ ಅಂತ ಶುರು ಮಾಡಿ ಫಾಲ್ಗುಣದವರೆಗೆ ಹೇಳುತ್ತಾರೆ. ಅವರ ಸೂಜಿಯಿಂದ ಹನಿ ಬಿದ್ದಿದ್ದನ್ನು ನಾನು ನೋಡಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಆ 22. ಇಷ್ಟು ದಿನ ಅಮ್ಮನಿಗೆ 18 ಪೂರ್ತಿ ಹೋಗಿರಲಿಕ್ಕಿಲ್ಲ, ಅದಕ್ಕೇ ಶುಗರ್ ಏರಿರಬಹುದು. ಈಗ ಸರಿಯಾಗಿ ಚುಚ್ಚಲು ಶುರು ಮಾಡಿದರೆ 22 ಜಾಸ್ತಿಯಾಗಬಹುದು. ಹೀಗೆ ಸೋರುತ್ತಿತ್ತು ಅಂತ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ. ಡೋಸ್ ಅವರೇ ಹೇಳಲಿ, ನಾನಾಗಲಿ ನೀವಾಗಲಿ ಅಲ್ಲ. ಬೆವರು, ನಡುಕ, ತಲೆಸುತ್ತು ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಶುಗರ್ ನೋಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ.

ಅಂದ ಹಾಗೆ, ಚುಚ್ಚುವ ಮೊದಲು ಅಮ್ಮ ಪೆನ್ ಅಲ್ಲಾಡಿಸುತ್ತಾರಾ?

ಪ್ರಶ್ನೆ: ಇಲ್ಲ ಸಿಸ್ಟರ್. ಹಾಗೇ ತೆಗೆದು ಚುಚ್ಚುತ್ತಾರೆ. ಸೂಜಿ ಪೆನ್ನಿಗೇ ಇರುತ್ತೆ, ಎರಡು ಮೂರು ದಿನಕ್ಕೆ ಬದಲಾಯಿಸುತ್ತೇವೆ.

ಉತ್ತರ: ಹಾಗಾದರೆ ಗುಟ್ಟು ಸಿಕ್ಕಿತು! 30/70 ಅಂದರೆ ತಿಳಿ ಇನ್ಸುಲಿನ್ನೂ ಬಿಳಿ ಇನ್ಸುಲಿನ್ನೂ ಬೆರೆತದ್ದು. ಇಟ್ಟಲ್ಲೇ ಇಟ್ಟರೆ ಮಜ್ಜಿಗೆ ಹಾಗೆ ಬಿಳಿ ತಳಕ್ಕೆ ಕೂರುತ್ತೆ. ಬೆರೆಸದೆ ಚುಚ್ಚಿದರೆ ಒಂದು ದಿನ ನೀರು, ಇನ್ನೊಂದು ದಿನ ಗಟ್ಟಿ. ಪೆನ್ನನ್ನು ಎರಡು ಅಂಗೈ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ನಿಧಾನಕ್ಕೆ ಮೇಲೆ ಕೆಳಗೆ ಮಾಡಿ. ಎಲ್ಲಾ ಒಂದೇ ಹದಕ್ಕೆ ಹಾಲಿನ ಹಾಗೆ ಕಾಣಬೇಕು. ಜೋರಾಗಿ ಕುಲುಕಿದರೆ ನೊರೆ ಬರುತ್ತೆ, ಅದು ಬೇಡ.

ಸೂಜಿ ಪೆನ್ನಲ್ಲೇ ಬಿಟ್ಟರೆ ಗಾಳಿ ಒಳಗೆ ಹೋಗುತ್ತೆ, ಔಷಧಿ ಹೊರಗೆ ಸೋರುತ್ತೆ. ಒಂದು ಸೂಜಿ ಒಂದೇ ಸಲಕ್ಕೆ. ಖರ್ಚಿನ ವಿಷಯ ಗೊತ್ತು, ಆದರೂ ಕೇಳಿದವರಿಗೆ ಬೇರೆ ಉತ್ತರ ಹೇಳಲಾರೆ. 4 ಎಂಎಂ ಸೂಜಿ ಸಾಕು, ನೇರವಾಗಿ ಚುಚ್ಚಬಹುದು. ಹೊಸ ಸೂಜಿ ಹಾಕಿದ ಮೇಲೆ 2 ಯೂನಿಟ್ ತಿರುಗಿಸಿ, ಸೂಜಿ ಮೇಲ್ಮುಖ ಮಾಡಿ ಒತ್ತಿ. ತುದಿಯಲ್ಲಿ ಹನಿ ಕಂಡರೆ ದಾರಿ ತೆರೆದಿದೆ ಅಂತ. ಕಾಣದಿದ್ದರೆ ಇನ್ನೊಮ್ಮೆ.

ಪ್ರಶ್ನೆ: ದಿನಾ ಎರಡು ಸಲ ಎರಡೆರಡು ಯೂನಿಟ್ ಚೆಲ್ಲೋದಾ? ಅಮ್ಮ ಒಪ್ಪಲ್ಲ. ಕಾರ್ಟ್ರಿಜ್ ಖಾಲಿಯಾಗುವ ದಿನ ಏನು ಮಾಡಬೇಕು ಅನ್ನೋದೂ ಗೊಂದಲ.

ಉತ್ತರ: ಲೆಕ್ಕ ಹಾಕಿ. ಒಂದು ಕಾರ್ಟ್ರಿಜ್‌ನಲ್ಲಿ 300 ಯೂನಿಟ್. ಈಗಿನ ಡೋಸ್ ದಿನಕ್ಕೆ 36, ಚೆಲ್ಲುವುದು 4, ಒಟ್ಟು 40. ಏಳೂವರೆ ದಿನ ಬರುತ್ತೆ. ಚೆಲ್ಲದಿದ್ದರೆ ಎಂಟು ದಿನದ ಮೇಲೆ ಸ್ವಲ್ಪ. ಒಂದು ದಿನವೂ ಪೂರ್ತಿ ಉಳಿಯದ ಅಷ್ಟಕ್ಕಾಗಿ ಡೋಸ್ ಅನುಮಾನಕ್ಕೆ ಬಿಡಬೇಡಿ.

ಔಷಧಿ ಸಾಲದೆ ಹೋದರೆ, ಕಾರ್ಟ್ರಿಜ್ ಬದಲಿಸುವ ಹೆಚ್ಚಿನ ಪೆನ್ನುಗಳಲ್ಲಿ ಬಟನ್ ನಡುವೆಯೇ ನಿಲ್ಲುತ್ತೆ, ಡೋಸ್ ಅಂಕಿ ಕಾಣುವ ಪೆನ್ನಿನ ಕಿಟಕಿಯಲ್ಲಿ 0 ಬರುವುದಿಲ್ಲ. 12 ಅಂತ ತೋರಿಸಿದರೆ ಇನ್ನೂ 12 ಹೋಗಬೇಕು ಅಂತ. ಹೊಸದು ಹಾಕಿ, ಬೆರೆಸಿ, ಹನಿ ನೋಡಿ, ಆ 12 ಕೊಡಿ.

ಕಣ್ಣು ಮಂಜಾದವರು ಟಿಕ್ ಟಿಕ್ ಶಬ್ದ ಎಣಿಸಿ ಡೋಸ್ ಇಡುತ್ತಾರೆ. ಅದನ್ನೊಂದೇ ನಂಬಬೇಡಿ. 22 ಎಣಿಸುವಷ್ಟರಲ್ಲಿ ಯಾರೋ ಕರೆದರೆ ಮುಗೀತು. ನೀವು ಊರಲ್ಲಿಲ್ಲದ ದಿನ ವಿಡಿಯೋ ಕಾಲ್‌ನಲ್ಲಿ ಕಿಟಕಿಯ ಅಂಕಿ ನೋಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಮ್ಮ ಮನೆಯಲ್ಲಿ ನನಗೂ ಹೆಂಡತಿಗೂ ಒಂದೇ ಇನ್ಸುಲಿನ್. ಸೂಜಿ ಬೇರೆ ಬೇರೆ ಹಾಕಿ ಒಂದೇ ಪೆನ್ ಬಳಸಬಹುದಾ?

ಉತ್ತರ: ಬೇಡ ಸರ್. ಚುಚ್ಚುವಾಗ ಕಣ್ಣಿಗೆ ಕಾಣದಷ್ಟು ರಕ್ತ ಕಾರ್ಟ್ರಿಜ್ ಒಳಗೆ ಹೋಗಬಹುದು. ಪೆನ್ ಗಂಡನಿಗೊಂದು, ಹೆಂಡತಿಗೊಂದು.

ಪ್ರಶ್ನೆ (ರಾಯಚೂರಿನ ಸದಸ್ಯೆ): ನಮ್ಮ ಬಿಸಿಲು ಗೊತ್ತಲ್ವಾ ಸಿಸ್ಟರ್. ಪೆನ್ ಫ್ರಿಜ್ಜಲ್ಲಿ ಇಡಬೇಕಾ?

ಉತ್ತರ: ತೆರೆಯದ ಕಾರ್ಟ್ರಿಜ್ ಫ್ರಿಜ್ಜಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಫ್ರೀಜರ್ ಹತ್ತಿರ ಬೇಡ, ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಬಳಸುತ್ತಿರುವ ಪೆನ್ ಹೊರಗೇ ಇರಲಿ, ಆದರೆ 30 ಡಿಗ್ರಿ ಒಳಗೆ. ಏಪ್ರಿಲ್, ಮೇನಲ್ಲಿ ನಿಮ್ಮ ಕಡೆ ಅದು ಆಗದ ಮಾತು. ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಒಳಗೆ ಸಣ್ಣ ಮಡಕೆ ಇಟ್ಟು, ಅದರಲ್ಲಿ ಪೆನ್ನಿಡಿ. ನೆರಳಲ್ಲಿರಲಿ, ಮರಳು ಒಣಗದಿರಲಿ.

ಪ್ರಶ್ನೆ: ಡಾಕ್ಟರಿಗೆ ಹೇಳಿದೆ, ಮತ್ತೆ 18 ಮಾಡಿ ಮೂರು ದಿನ ಶುಗರ್ ಬರೆದಿಡಿ ಅಂದರು. ಹನಿ ನಿಂತಿದೆ. ಆದರೆ ಅಮ್ಮನಿಗೆ ಚೈತ್ರ ವೈಶಾಖ ನೆನಪಿಲ್ಲವಂತೆ, ಸೋಮವಾರ ಮಂಗಳವಾರ ಹೇಳ್ತಾರೆ. ಏಳೇ ಆಗುತ್ತಲ್ಲ?

ಉತ್ತರ: ಭಾನುವಾರ ಆದ ಮೇಲೆ ಬುಧವಾರದವರೆಗೆ ಇನ್ನೊಮ್ಮೆ ಹೇಳಿಸಿ.