ಬೋರಿಂಗ್ ರಾಶಿ ಒಳಗೊಳಗೇ ಬಿಸಿಯಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ, ಹೊಸೂರಿನಿಂದ:
ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಹತ್ತಿರ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಬೀಡು ಕಬ್ಬಿಣದ ಕೆಲಸವೇ ಜಾಸ್ತಿ. ಗುಜರಿಯವರು ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಅಷ್ಟರಲ್ಲಿ ಹಿಂದುಗಡೆ ಬೋರಿಂಗ್, ಅಂದರೆ ಮಷೀನಿನಲ್ಲಿ ಕೊರೆದಾಗ ಉದುರುವ ಕಬ್ಬಿಣದ ಪುಡಿ, ಆಳೆತ್ತರ ಬಿದ್ದಿರುತ್ತದೆ. ಮೊನ್ನೆ ಮಳೆಯಾದ ಮಾರನೆ ದಿನ ರಾಶಿಯಿಂದ ಹಬೆ ಏಳುತ್ತಿತ್ತು. ಹುಡುಗರು ನೀರು ಬಿಟ್ಟರು. ಸಂಜೆಗೆ ಇನ್ನೂ ಜಾಸ್ತಿಯಾಯಿತು. ಗೊತ್ತಿರುವವರು ದಯವಿಟ್ಟು ಹೇಳಿ.

ಮತ್ತಿಗೆರೆಯಿಂದ:
ಅಣ್ಣ, ಮೊದಲು ಆ ನೀರು ನಿಲ್ಲಿಸಿ. ಕಬ್ಬಿಣ ತುಕ್ಕು ಹಿಡಿಯುವಾಗ ಶಾಖ ಬಿಡುತ್ತದೆ. ಒಂದು ಮೊಳೆಗೆ ತುಕ್ಕು ಹಿಡಿದರೆ ನಮಗೆ ಗೊತ್ತೇ ಆಗುವುದಿಲ್ಲ. ಬೋರಿಂಗ್ ಹಾಗಲ್ಲ, ಪುಡಿಪುಡಿ. ಗಾಳಿ, ತೇವ ಎರಡೂ ಕಣಕಣಕ್ಕೂ ತಗಲುತ್ತವೆ. ನಡುವಿನ ಶಾಖಕ್ಕೆ ಹೊರಬರಲು ದಾರಿ ಇಲ್ಲ. ಬಿಸಿ ಏರಿದಷ್ಟೂ ತುಕ್ಕು ಬೇಗ, ತುಕ್ಕು ಬೇಗ ಹಿಡಿದಷ್ಟೂ ಬಿಸಿ. ಕೊನೆಗೆ ಅದರಲ್ಲಿರುವ ಎಣ್ಣೆ, ಜಿಡ್ಡಿನ ವೇಸ್ಟ್ ಬಟ್ಟೆ ಹೊತ್ತಿಕೊಳ್ಳುತ್ತದೆ.

ನಮ್ಮಲ್ಲೂ ಹೀಗೇ ಆಗಿತ್ತು. ಮೇಲೆ ಕೈ ಇಟ್ಟರೆ ತಣ್ಣಗೆ. ಗುಜರಿಯ ಹುಡುಗ ಸಲಿಕೆ ಹಾಕಿ ಒಂದು ಮೊಳ ಅಗೆದ. ಒಳಗೆ ಕಂದು ಬಣ್ಣದ ಗಟ್ಟಿ ಹೆಂಟೆಗಳು, ಸುಟ್ಟ ಎಣ್ಣೆಯ ವಾಸನೆ. ಅವನ ಚಪ್ಪಲಿಯ ಅಟ್ಟೆ ಮೆತ್ತಗಾಗಿತ್ತು. ಆ ಕಾಲು ನೆನೆಸಿಕೊಂಡರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ.

ಅವತ್ತಿನಿಂದ ರಾಶಿಯ ನಡುವಿಗೆ ಆರಡಿ ರಾಡ್ ಚುಚ್ಚಿಡುತ್ತೇವೆ. ಬೆಳಗ್ಗೆ, ಸಂಜೆ ಹೊರಗೆಳೆದು ತುದಿಯ ಹತ್ತಿರ ಅಂಗೈ ಹಿಡಿದು ನೋಡುತ್ತೇವೆ. ಟೆಂಪರೇಚರ್ ಗನ್ ನಂಬಬೇಡಿ, ಅದು ಮೇಲಿನದ್ದಷ್ಟೇ ತೋರಿಸುತ್ತದೆ. ಹಡಗಿಗೆ ಈ ಮಾಲು ತುಂಬುವ ಅಂತರರಾಷ್ಟ್ರೀಯ ನಿಯಮದಲ್ಲೂ 55 ಡಿಗ್ರಿ ದಾಟಿದ್ದನ್ನು ತುಂಬುವಂತಿಲ್ಲ. ರಾಡ್ ಬಿಸಿ ಬಂದರೆ ರಾಶಿಯನ್ನು ಒಣ ಸಿಮೆಂಟ್ ನೆಲದ ಮೇಲೆ ತೆಳ್ಳಗೆ ಹರಡಿ. ಕೆಂಡ ಕಂಡರೆ ಮಾತ್ರ ಕೆದಕಬೇಡಿ, ಗಾಳಿ ಸಿಕ್ಕಿದರೆ ಭಗ್ಗೆನ್ನುತ್ತದೆ. ದೂರ ಸರಿದು 112ಕ್ಕೆ ಫೋನ್ ಮಾಡಿ. ಉರಿಯುತ್ತಿರುವುದು ಲೋಹದ ಚಿಪ್ಸ್ ಅಂತ ಮೊದಲೇ ಹೇಳಿ.

ಜೂಜುವಾಡಿಯಿಂದ:
ಅಲ್ಯೂಮಿನಿಯಂ ಚಿಪ್ಸ್ ಇದ್ದರೆ ಬೇರೆ ಡ್ರಮ್ಮಿಗೆ ಹಾಕಿ. ನೀರು ತಗಲಿದರೆ ಅದರಿಂದ ಹೈಡ್ರೋಜನ್ ಬರುತ್ತದೆ, ಆದ್ದರಿಂದ ಬಿಗಿಯಾಗಿ ಮುಚ್ಚಲೂಬಾರದು. ಪಕ್ಕದಲ್ಲಿ ಒಂದು ಡ್ರಮ್ ಒಣ ಮರಳು ಇಟ್ಟುಕೊಳ್ಳಿ, ಒದ್ದೆ ಮರಳು ಬೇಡ.

ಬಾಗಲೂರು ರಸ್ತೆಯಿಂದ:
ರಾಡ್ ಮಾತು ನಿಜ. ಆದರೆ ರಾಶಿಗೆ ತೇವ ಬರುವುದು ಮಳೆಯಿಂದ ಮಾತ್ರ ಅಲ್ಲ ಅಲ್ವಾ? ಕೊರೆಯುವಾಗ ಬಿಸಿ ಆರಿಸಲು ಸುರಿಯುವ ಕೂಲಂಟ್‌ನಲ್ಲಿ ನೀರೇ ಜಾಸ್ತಿ. ನಾವು ಟ್ರಾಲಿ ತಳಕ್ಕೆ ಜಾಲರಿ ಹಾಕಿಸಿ, ರಾತ್ರಿ ಓರೆ ಮಾಡಿ ಬಿಡುತ್ತೇವೆ. ಬೆಳಗ್ಗೆ ಕೆಳಗಿನ ತಟ್ಟೆಯಲ್ಲಿ ಬಕೆಟ್‌ಗಟ್ಟಲೆ ಕೂಲಂಟ್ ಇರುತ್ತದೆ. ಸೋಸಿ ಮತ್ತೆ ಮಷೀನಿಗೇ ಹಾಕುತ್ತೇವೆ. ಕೈಯಲ್ಲಿ ದುಡ್ಡಿದ್ದರೆ ಚಿಪ್ಸ್ ಹಿಂಡುವ ಸೆಂಟ್ರಿಫ್ಯೂಜ್ ತೆಗೆದುಕೊಳ್ಳಿ. ಪುಡಿಯನ್ನು ಒತ್ತಿಸಿ ಬ್ರಿಕೆಟ್ (ಗಟ್ಟಿ ಬಿಲ್ಲೆ) ಮಾಡಿಸಿದರೆ ಇನ್ನೂ ಒಳ್ಳೆಯದು. ಒತ್ತುವಾಗ ಕೂಲಂಟ್ ಹೊರಬರುತ್ತದೆ, ಒಳಗೆ ಗಾಳಿ ಆಡುವುದಿಲ್ಲ, ಫೌಂಡ್ರಿಯ ಕುಲುಮೆಯಲ್ಲೂ ಕಡಿಮೆ ಸುಟ್ಟುಹೋಗುತ್ತದೆ.

ಮಾಲಿನ ಮೇಲೆ ಶೀಟ್ ಇರಲಿ, ರಾಶಿ ಸೊಂಟ ದಾಟದಿರಲಿ, ಹಳೆಯದು ಮೊದಲು ಹೋಗಲಿ. ಗುಜರಿಯವರಿಗೆ ವಾರಕ್ಕೊಮ್ಮೆ ಬರಲು ಹೇಳಿ, ರಾಡ್ ತೆಗೆದು ಅವರಿಗೂ ತೋರಿಸಿ. ಬಿಸಿ ಲೋಡಿನ ಮೇಲೆ ಟಾರ್ಪಾಲ್ ಎಳೆದು ಕಳಿಸಿದರೆ, ದಾರಿಯಲ್ಲಿ ಹೊಗೆ ನೋಡಬೇಕಾದವನು ಡ್ರೈವರ್.