ಅಪ್‌ಡೇಟ್: ಬಾರ್ ಮಿಟ್ಜ್ವಾಗೆ ಹೋಗಿ ಬಂದೆವು

ಮಗನ ಕ್ಲಾಸಿನ ಹುಡುಗನಿಗೆ 13 ತುಂಬಿದೆ, ಇಲ್ಲೇ ನ್ಯೂಜೆರ್ಸಿಯಲ್ಲಿರುವ ಯಹೂದಿ ಪ್ರಾರ್ಥನಾ ಮಂದಿರ, ಅಂದ್ರೆ ಸಿನಗಾಗ್‌ನಲ್ಲಿ ಶನಿವಾರ ಬೆಳಿಗ್ಗೆ ಬಾರ್ ಮಿಟ್ಜ್ವಾ (ಯಹೂದಿ ಹುಡುಗ ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದಾಗಿನ ಆಚರಣೆ), ಏನು ಹಾಕಿಕೊಳ್ಳಬೇಕು, ಏನು ಕೊಡಬೇಕು ಅಂತ ಕೇಳಿದ್ದೆ ಅಲ್ವಾ? ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಬಾಗಿಲಲ್ಲೇ ಒಬ್ಬ ಅಜ್ಜ "ಶಬ್ಬತ್ ಶಾಲೋಮ್" (ಶಬ್ಬತ್ ಅಂದ್ರೆ ಅವರ ಶನಿವಾರದ ವಿಶ್ರಾಂತಿ ದಿನ, ಅದರ ಶುಭಾಶಯ) ಅಂತ ಕೈ ಹಿಡಿದು ಬರಮಾಡಿಕೊಂಡರು. ಬುಟ್ಟಿಯಲ್ಲಿ ಕಿಪ್ಪಾ ಟೋಪಿಗಳಿದ್ದವು, ನಾನೂ ಮಗನೂ ಹಾಕಿಕೊಂಡೆವು. ಯಹೂದಿಗಳು ಪ್ರಾರ್ಥನೆಗೆ ಹೊದೆಯುವ ಟಾಲಿಟ್ ಶಾಲು ನಮಗಲ್ಲ, ನೀವು ಹೇಳಿದ್ದೇ ಸರಿ. ಪ್ರಾರ್ಥನೆ ಪುಸ್ತಕ ಬಲಗಡೆಯಿಂದ ತೆರೆಯುತ್ತೆ, ಯಾವ ಪುಟ ಅಂತ ಪಕ್ಕದವರು ತೋರಿಸುತ್ತಲೇ ಇದ್ದರು. ಶಬ್ಬತ್ ದಿನ ಅಲ್ಲಿ ಫೋಟೋ ತೆಗೆಯುವಂತಿಲ್ಲ, ಫೋನ್ ಕಾರಲ್ಲೇ ಬಿಟ್ಟಿದ್ದೆವು.

ಆಮೇಲೆ ಹುಡುಗ ಅವರ ಧರ್ಮಗ್ರಂಥ ತೋರಾದ ಸುರುಳಿಯ ಮುಂದೆ ಓದಲು ನಿಂತ. ಅದರಲ್ಲಿ ಸ್ವರದ ಗುರುತೂ ಇರಲ್ಲ, ರಾಗದ ಗುರುತೂ ಇರಲ್ಲ, ನಮ್ಮ ಕಾಗುಣಿತವನ್ನೆಲ್ಲ ತೆಗೆದು ಬರೀ ಅಕ್ಷರ ಉಳಿಸಿದ ಹಾಗೆ. ಅವನ ಕೈಯಲ್ಲಿದ್ದ ಬೆಳ್ಳಿ ಕಡ್ಡಿಯ ತುದಿಯಲ್ಲಿ ಒಂದು ಪುಟ್ಟ ಕೈ, ಅದರ ತೋರುಬೆರಳು ಸಾಲಿನ ಮೇಲೆ ಸಣ್ಣಗೆ ನಡುಗುತ್ತಾ ಸಾಗಿತ್ತು. ಮುಗಿದ ಕೂಡಲೇ ಎಲ್ಲರೂ ಅವನ ಮೇಲೆ ಮೆತ್ತನೆ ಮಿಠಾಯಿ ಎಸೆದರು, ಚಿಕ್ಕ ಮಕ್ಕಳು ಆರಿಸಿಕೊಳ್ಳಲು ಓಡಿದರು. ನನ್ನ ಉಪನಯನದ ದಿನ ನೆನಪಾಗಿ ಕಣ್ಣು ತುಂಬಿತು.

ಉಡುಗೊರೆ ವಿಷಯ: ಹೀಬ್ರೂನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ, 'ಜೀವ' ಅನ್ನೋ ಪದದ ಅಕ್ಷರಗಳ ಮೊತ್ತ 18, ಅದಕ್ಕೇ ಉಡುಗೊರೆ 18ರ ಲೆಕ್ಕದಲ್ಲಿ ಕೊಡೋದು ರೂಢಿ; ನಾವೂ ಮೂರು ಹದಿನೆಂಟು, 54 ಡಾಲರ್ ಚೆಕ್ ಬರೆದೆವು. ಶಬ್ಬತ್ ದಿನ ದುಡ್ಡು ಬೇಡ ಅಂತ ಭಾನುವಾರ ಅವರ ಮನೆಗೇ ಹೋಗಿ ಕೊಟ್ಟೆವು.