ಸಹಾಯ ಬೇಕು: ಅಂಬಾಸಿಡರ್ ಡೋರ್ ಗ್ಯಾಪ್ ಕೂರ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ. ಗಾಡಿ ಹಳೇ ಅಂಬಾಸಿಡರ್. ಡ್ರೈವರ್ ಕಡೆ ಡೋರ್ ಕೆಳಗೆ ಪೂರ್ತಿ ತುಕ್ಕು ಹಿಡಿದಿತ್ತು, ಶಿವಾಜಿನಗರ ಗುಜರಿಯಲ್ಲಿ ಸಿಕ್ಕ ಡೋರ್ ಹಾಕ್ತಾ ಇದ್ದೀನಿ.

ಮೊದಲು ಹಿಂಜ್ ಪಿನ್ ಹೊಸದು ಹಾಕಿದೆ, ಈಗ ಆಟ ಇಲ್ಲ. ಲಾಕ್ ಸ್ಟ್ರೈಕರ್ (ಡೋರ್ ಲಾಕ್ ಕಚ್ಚಿಕೊಳ್ಳೋ ಕಂಬದ ಮೇಲಿನ ತುಂಡು), ಬೀಡಿಂಗ್ ರಬ್ಬರ್ ಎರಡೂ ಬಿಚ್ಚಿಟ್ಟೇ ನೋಡ್ತಿದ್ದೀನಿ. ಸ್ಟ್ರೈಕರ್ ಇದ್ರೆ ಅದೇ ಡೋರನ್ನ ಎತ್ತಿ ಹಿಡಿದು ಸುಳ್ಳು ಹೇಳುತ್ತೆ. ಗಾಡಿ ನಾಲ್ಕೂ ಚಕ್ರದ ಮೇಲೇ ನಿಂತಿದೆ.

ಹಿಂದಿನ ತುದಿ 4 ಎಂಎಂ ಇಳಿದಿತ್ತು. ಕೆಳಗಿನ ಹಿಂಜ್ ಹಿಂದೆ 1.5 ಎಂಎಂ ಶಿಮ್ (ತೆಳು ತಗಡಿನ ತುಂಡು) ಕೊಟ್ಟೆ, ಬಾಡಿ ಲೈನ್ ಸರಿಯಾಗಿ ಕೂತಿತು. ಆದರೆ ಬಿ ಪಿಲ್ಲರ್ (ಮುಂದಿನ, ಹಿಂದಿನ ಡೋರ್ ನಡುವಿನ ಕಂಬ) ಕಡೆ ಗ್ಯಾಪ್ ಈಗ ಮೇಲೆ 6, ಕೆಳಗೆ ಬರೀ 2.5. ಪೇಂಟ್ ಆದಮೇಲೆ ಉಜ್ಜೋದು ಗ್ಯಾರಂಟಿ. ಶಿಮ್ ತೆಗೆದರೆ ಗ್ಯಾಪ್ ಸುಮಾರಾಗಿ ಸರಿ, ಡೋರ್ ಮತ್ತೆ ಜೋಲು. ಎಡಗಡೆ ಮಾತ್ರ ಉದ್ದಕ್ಕೂ 5 ಎಂಎಂ.

ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲ್ಲಾ. ಅದಕ್ಕೇ ನಡು ಕುಸಿದಿದೆಯಾ ಅಂತ ಅನುಮಾನ ಬಂತು. ಆದರೆ ಕುಸಿದಿದ್ದರೆ ಮೇಲಿನ ಗ್ಯಾಪ್ ಕಮ್ಮಿ ಆಗಬೇಕಿತ್ತು, ಇಲ್ಲಿ ಉಲ್ಟಾ! ಡೋರ್ ಬಾಯಿಯ ಮೂಲೆಯಿಂದ ಮೂಲೆಗೆ ಅಳೆದರೆ ಎಡಕ್ಕೂ ಬಲಕ್ಕೂ 3 ಎಂಎಂ ವ್ಯತ್ಯಾಸ. ಹಿಂದೆ ಯಾರೋ ಗಾಡೀನ ಜಾಕ್ ಮೇಲಿಟ್ಟೇ ಸಿಲ್ (ಡೋರ್ ಕೆಳಗಿನ ಬಾಡಿ ಪಟ್ಟಿ) ವೆಲ್ಡ್ ಮಾಡಿರಬೇಕು.

ಡೋರ್ ಬಾಯಿಯನ್ನ ಹೈಡ್ರಾಲಿಕ್ ಜಾಕ್‌ನಲ್ಲಿ ಆ 3 ಎಂಎಂ ಎಳೆಯೋದಾ, ಇಲ್ಲಾ ಡೋರ್‌ನ ಹಿಂದಿನ ಅಂಚನ್ನೇ ಕೆಳಗೆ ಉಜ್ಜಿ, ಮೇಲೆ ವೆಲ್ಡ್ ತುಂಬಿಸಿ ಸರಿ ಮಾಡೋದಾ? ಎಳೆದರೆ ಸಿಲ್ ವೆಲ್ಡ್ ಬಿಚ್ಚಲೇಬೇಕಾ? ಮಾಡಿದವರು ಹೇಳಿ, ಪ್ಲೀಸ್.